ನಮಿತಕ್ಕನ ಗಾಳಿ ಉಳಿತಾಯ

ಒಂದಾನೊಂದು ಕಾಲದಲ್ಲಿ, ಅಂದರೆ ಇನ್ನೂ ಬಾರದ ಒಂದು ಕಾಲದಲ್ಲಿ, ಒಂದು ಕಡಲಿಗೆ ಹೊಳೆಯನ್ನು ಮುಟ್ಟಿ ನೋಡಬೇಕೆಂಬ ಆಸೆ ಹುಟ್ಟಿತಂತೆ. ಎರಡರ ನಡುವೆ ಇದ್ದದ್ದು ಒಂದು ದಾರಿ ಮಾತ್ರ. ಮರವಂತೆಯಲ್ಲಿ ಬಸ್ಸಿನ ಈಚೆ ಕಿಟಕಿಯವರಿಗೆ ಅಲೆ ಕಾಣುತ್ತಿತ್ತು, ಆಚೆ ಕಿಟಕಿಯವರಿಗೆ ಹೊಳೆ ಸೌಪರ್ಣಿಕೆ ಕಾಣುತ್ತಿದ್ದಳು. ಪ್ರತಿ ಮಳೆಗಾಲ ಕಡಲು ಇಷ್ಟಿಷ್ಟೇ ಹತ್ತಿರ ಬಂತು. ಮೊದಲು ಮರಳು ತಿಂದಿತು, ಆಮೇಲೆ ತೆಂಗಿನಮರ, ಆಮೇಲೆ ಲಾರಿಗಟ್ಟಲೆ ತಂದು ಸುರಿದ ಬಂಡೆಗಳನ್ನೂ ನುಂಗಿ ಏನೂ ಆಗಿಲ್ಲವೆಂಬಂತೆ ಮಲಗಿತು. ಆಗ ಊರಿನವರು, ಕಡಲನ್ನು ಬೈದು ಪ್ರಯೋಜನವಿಲ್ಲ, ಅದಕ್ಕೊಂದು ಬೇಲಿ ಹಾಕೋಣ, ಆದರೆ ಆ ಬೇಲಿಗೆ ಜೀವ ಇರಲಿ ಅಂದರಂತೆ.

ಆ ಬೇಲಿ ಸಿಂಪಿಯದು. ಸುಣ್ಣ ಮತ್ತು ಮರಳು ಸೇರಿಸಿ ಎರಕ ಹೊಯ್ದ ಕಲ್ಲುಗಳ ಮೈಮೇಲೆ ದಡದ ತೊಟ್ಟಿಗಳಲ್ಲಿ ಸಿಂಪಿಯ ಮರಿಗಳನ್ನು ಬೆಳೆಸುತ್ತಿದ್ದರು. ಎರಡು ಕಲ್ಲುಗಳನ್ನು ನೀರಿನಡಿಯಲ್ಲಿ ಮೈಗೆ ಮೈ ತಾಗಿಸಿ ಇಟ್ಟರೆ ಸಾಕು, ಮರಿಗಳು ತಮ್ಮ ಮೈಯಿಂದಲೇ ಅಂಟು ಸುರಿಸಿ ಕಲ್ಲಿಗೆ ಕಲ್ಲನ್ನು ಬೆಸೆದುಬಿಡುತ್ತಿದ್ದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಂದು ಎಲ್ಲಿತ್ತೆಂದು ಹುಡುಕಿದರೂ ಸಿಗದು. ಅಲೆ ಬಂದು ಅದಕ್ಕೆ ಬಡಿದು, ಸುಸ್ತಾಗಿ, ದಡಕ್ಕೆ ಬರುವಾಗ ಮಗುವಿನಂತೆ ತೆವಳುತ್ತಿತ್ತು.

ತೊಂದರೆ ಒಂದೇ. ಕಲ್ಲನ್ನು ಕೂರಿಸಲು ಯಂತ್ರದ ಕೈ ಒಗ್ಗಲಿಲ್ಲ. ಅದು ಹಿಡಿದಲ್ಲೆಲ್ಲ ಮರಿಗಳು ಸತ್ತವು. ಕಲ್ಲನ್ನು ದೋಣಿಯಿಂದ ಹಗ್ಗದಲ್ಲಿ ಇಳಿಸಬಹುದಿತ್ತು, ಕೊನೆಯ ಗೇಣು ಮಾತ್ರ ಮನುಷ್ಯರ ಕೈಯೇ ಆಗಬೇಕಿತ್ತು. ಹೊಳೆಯಲ್ಲಿ ಮುಳುಗಿ ಚಿಪ್ಪು ಹೆಕ್ಕಿ ಬೆಳೆದ, ಮೀನುಗಾರ ಮೊಗವೀರರ ಹೆಂಗಸರು, ಅದೇನು ದೊಡ್ಡ ವಿಷಯ ಎಂದು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡರು. ನಮಿತಾ, ರಕ್ಷಿತಾ, ವಿನಯಾ: ಒಂದು ಕಾಲದಲ್ಲಿ ಇವೆಲ್ಲ ಶಾಲೆಯ ಪುಟ್ಟ ಹುಡುಗಿಯರ ಹೆಸರುಗಳಾಗಿದ್ದವು. ಈ ಕಥೆಯ ಹೊತ್ತಿಗೆ ಇವು ಅಜ್ಜಿಯರ ಹೆಸರುಗಳು.

ಮೊದಲ ಕಲ್ಲನ್ನು ಆಚೆಯಿಂದ ನಮಿತಾ, ಈಚೆಯಿಂದ ಅವಳ ತಂಗಿ ವಿನಯಾ ಹಿಡಿದು ಕೂರಿಸಿದ್ದರು. ಬೇಲಿ ಅರ್ಧವಾಗುವಷ್ಟರಲ್ಲಿ ವಿನಯಾಳ ಕಿವಿಯ ತಮಟೆ ಹರಿಯಿತು. ಇನ್ನು ಜನ್ಮದಲ್ಲಿ ನೀರಿಗಿಳಿಯಕೂಡದು ಎಂದು ಆಸ್ಪತ್ರೆಯವರು ಹೇಳಿಬಿಟ್ಟರು. ಆಸ್ಪತ್ರೆಯ ಮಂಚದ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡು ಅಳುತ್ತಿದ್ದ ತಂಗಿಗೆ ನಮಿತಾ ಒಂದು ಮಾತು ಕೊಟ್ಟಳು. ಕೊನೆಯ ಕಲ್ಲು ನಿನ್ನದು, ಅದನ್ನು ನಿನ್ನ ಪರವಾಗಿ ನನ್ನ ಕೈಯಾರೆ ಕೂರಿಸುತ್ತೇನೆ, ಬೇರೆಯವರಿಗೆ ಮುಟ್ಟಲು ಬಿಡುವುದಿಲ್ಲ. ಒಂದು ಕಿವಿ ಕೇಳದ ವಿನಯಾಳಿಗಾಗಿ ಅದನ್ನು ಎರಡು ಸಲ ಹೇಳಬೇಕಾಯಿತು.

ವಿನಯಾಳ ಮಗಳು ಇಂಚರ ದಡದ ಯಂತ್ರಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ನೀರಿಗಿಳಿಯುವವರ ಸಲಕರಣೆ ಸರಿಯಿದೆಯೋ ಎಂದು ನೋಡುವುದು, ಅವರು ಕೆಳಗಿರುವಾಗ ಪರದೆಯ ಮೇಲೆ ಕಣ್ಣಿಡುವುದು ಅವಳ ಕೆಲಸ. ಆ ವರ್ಷ, ಬೇಲಿ ಕಟ್ಟಿಸುತ್ತಿದ್ದ ಕೇಂದ್ರದವರು ಅವಳಿಗೆ ಇನ್ನೊಂದು ಕೆಲಸ ಅಂಟಿಸಿದರು. ಸಿಲಿಂಡರಿನ ಗಾಳಿ ಅಳೆಯಲು ಎರಡು ಬಗೆಯ ಮಾಪಕಗಳಿವೆ, ಮುಂದಿನ ವರ್ಷದಿಂದ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತೇವೆ, ಯಾವುದು ಬೇಕೆಂದು ಮಳೆಗಾಲಕ್ಕೆ ಕಡಲು ಮುಚ್ಚುವ ಮೊದಲು ತಿಳಿಸು ಎಂದರು.

ಹಳೆಯದು ಮುಳ್ಳಿನ ಮಾಪಕ. ಅದರ ಹೊಟ್ಟೆಯಲ್ಲಿ ಬಾಗಿಸಿದ ಒಂದು ಟೊಳ್ಳು ಕೊಳವೆ. ಮಕ್ಕಳು ಹುಟ್ಟುಹಬ್ಬದಲ್ಲಿ ಊದುವ ಸುರುಳಿಪೀಪಿಯಂತೆ, ಒಳಗೆ ಗಾಳಿ ಒತ್ತಿದಷ್ಟೂ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಹವಣಿಕೆಯೇ ಮುಳ್ಳನ್ನು ತಿರುಗಿಸುವುದು. ಬ್ಯಾಟರಿ ಬೇಡ, ಬುದ್ಧಿಯೂ ಬೇಡ. ಮುಳ್ಳು ಕೆಂಪು ಗೆರೆಗೆ ಬಂದರೆ ಮೇಲೆ ಬರಬೇಕು, ಅಷ್ಟೇ.

ಹೊಸದು ಅಂಕಿಯ ಮಾಪಕ. ಸಿಲಿಂಡರಿನ ಬಾಯಿಯ ಹತ್ತಿರ ಹೆಬ್ಬೆರಳಿನಷ್ಟು ಸೆನ್ಸರ್, ಮಣಿಕಟ್ಟಿನಲ್ಲಿ ಹೊಳೆಯುವ ಪರದೆ. ಒಂದೊಂದು ಉಸಿರಿಗೆ ಒತ್ತಡ ಎಷ್ಟಿಳಿಯಿತು, ಹೀಗೇ ಉಸಿರಾಡಿದರೆ ಇನ್ನೆಷ್ಟು ಹೊತ್ತು ಬಂದೀತು, ಎಲ್ಲವನ್ನೂ ಅದು ಕ್ಷಣಕ್ಷಣವೂ ತೋರಿಸುತ್ತಿತ್ತು. ತೋರಿಸಿದ್ದನ್ನೇ ಶಬ್ದದ ಅಲೆಯಾಗಿಸಿ ನೀರಿನೊಳಗಿಂದ ಮೇಲಿನ ತೇಲುಬುರುಡೆಗೆ, ಅಲ್ಲಿಂದ ಇಂಚರಳ ಕೋಣೆಗೆ ಕಳಿಸುತ್ತಿತ್ತು. ಅಲ್ಲಿ ಪ್ರತಿಯೊಬ್ಬಳ ಉಸಿರೂ ಒಂದೊಂದು ಬಣ್ಣದ ಗೆರೆಯಾಗಿ ಹರಿಯುತ್ತಿತ್ತು. ಇಂಚರಳಿಗೆ ಆ ಗೆರೆಗಳ ಮೇಲೆ ಮೋಹ. ದೊಡ್ಡಮ್ಮಂದಿರು ನೀರಿನಡಿಯಲ್ಲಿ ನಿದ್ದೆಹೋದ ಮೀನುಗಳಂತೆ ಉಸಿರಾಡುತ್ತಿದ್ದಾರೆ ಎಂದು ಕಲ್ಪಿಸಿಕೊಂಡು ಚಹಾ ಆರಿಸಿಕೊಳ್ಳುತ್ತಿದ್ದಳು. ಅಂಕಿಯದ್ದೇ ಇರಲಿ ಎಂದು ಬರೆಯುವುದೆಂದು ಮನಸ್ಸಿನಲ್ಲಿ ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

ಹೆಂಗಸರಿಗೂ ಅಂಕಿ ಬಹಳ ಹಿಡಿಸಿತು. ಸ್ವಲ್ಪ ಹೆಚ್ಚೇ ಹಿಡಿಸಿತು. ಕೆಲಸ ಮುಗಿಸಿ ಬಂದವರ ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ಕೋಣೆಯ ಪರದೆ ಹೆಸರಿನ ಎದುರು ತೋರಿಸುತ್ತಿತ್ತು. ರಕ್ಷಿತಾ ಒಂದು ದಿನ ಬಂದು, ಆ ಪರದೆಯನ್ನು ಕಿಟಕಿಯತ್ತ ತಿರುಗಿಸಿಡು, ನಮಗೂ ಕಾಣಲಿ ಎಂದಳು. ಅಂದಿನಿಂದ ಸೀರೆ ಹಿಂಡುತ್ತ, ತಲೆ ಒರೆಸುತ್ತ ಎಲ್ಲರೂ ಕಿಟಕಿಯ ಮುಂದೆ ಜಮಾಯಿಸತೊಡಗಿದರು. ಹೆಚ್ಚು ಉಳಿಸಿದವಳಿಗೆ ಹೆಮ್ಮೆ, ಕಡಿಮೆ ಉಳಿಸಿದವಳಿಗೆ ಗೇಲಿ. ನಿನ್ನ ಗಂಡ ದುಡಿದದ್ದೆಲ್ಲ ಹೀಗೇ ಹೋಯಿತು ನೋಡು ಎಂದು ಒಬ್ಬಳು ಇನ್ನೊಬ್ಬಳನ್ನು ಚುಚ್ಚುವಳು. ಅಕ್ಕಿ ಬೇಯಿಸುವಾಗ ಒಂದು ಹಿಡಿ ತೆಗೆದಿಟ್ಟು ಬೆಳೆದವರು, ಗಾಳಿಯಲ್ಲೂ ಒಂದು ಹಿಡಿ ತೆಗೆದಿಡತೊಡಗಿದರು.

ಎಲ್ಲರಿಗಿಂತ ಮೇಲೆ ಯಾವಾಗಲೂ ಒಂದೇ ಹೆಸರು, ನಮಿತಾ.

"ನಮಿತಕ್ಕ ಗಾಳಿ ಕುಡಿತಿಲ್ಲೆ, ಬರೀ ಮೂಸ್ತ್," ಎಂದು ರಕ್ಷಿತಾ ಹೇಳಿದಾಗ ದಡವೆಲ್ಲ ನಕ್ಕಿತು. ನಮಿತಾ ಮಾತ್ರ ನಗಲಿಲ್ಲ. ಅವಳಿಗೆ ಅದು ಬಹುಮಾನದ ಹಾಗೆ ಕೇಳಿಸಿತ್ತು.

ಆ ಬೇಸಗೆಯಲ್ಲಿ ತಲೆನೋವು ಶುರುವಾಯಿತು. ಒಬ್ಬಿಬ್ಬರು ನೆತ್ತಿಗೆ ಎಣ್ಣೆ ತಟ್ಟಿಕೊಂಡು ಸುಮ್ಮನಾದರು. ನಮಿತಾಳಿಗೆ ಮಾತ್ರ ಅದು ದಿನದಿನವೂ ಹೆಚ್ಚಿತು. ಒಂದು ಬೆಳಗ್ಗೆ ನೀರಿನಿಂದ ಬಂದವಳು ದೋಣಿಯ ಅಂಚು ಹಿಡಿದು ವಾಂತಿ ಮಾಡಿ, ಕಣ್ಣು ಕತ್ತಲೆಗಟ್ಟಿ, ಅಲ್ಲಿಯೇ ಬಿದ್ದುಬಿಟ್ಟಳು.

ಕೇಂದ್ರದ ಡಾಕ್ಟರ್ ನುಹಾ ಭಟ್ಕಳದವರು, ಮೆತ್ತಗೆ ಮಾತಾಡುವವರು. ಹೃದಯ ನೋಡಿದರು, ರಕ್ತ ನೋಡಿದರು, ವಯಸ್ಸನ್ನೂ ನೋಡಿದರು. ಬೇರೇನೂ ಕಾಣದ ಕಾರಣ ಕೊನೆಗೆ ವಯಸ್ಸಿನ ಮೇಲೆಯೇ ಬೆರಳಿಟ್ಟರು. ನೀರಿನಡಿಯಲ್ಲಿ ಹೀಗಾದರೆ ಎತ್ತಿ ತರಲು ಸಮಯವಿರುವುದಿಲ್ಲ, ಇನ್ನು ಇಳಿಯುವುದು ಬೇಡ ಎಂದರು. ಬೇಲಿಯಲ್ಲಿ ಒಂದೇ ಒಂದು ಕಿಂಡಿ ಉಳಿದಿತ್ತು. ಅದನ್ನು ಹಾಗೇ ಬಿಟ್ಟರೆ ಮಳೆಗಾಲದ ಅಲೆ ಅಲ್ಲಿ ಕೈ ತೂರಿಸಿ ಅಕ್ಕಪಕ್ಕದ ಕಲ್ಲುಗಳನ್ನೂ ಕೀಳುತ್ತಿತ್ತು. ಆದ್ದರಿಂದ ಕೊನೆಯ ಕಲ್ಲನ್ನು ರಕ್ಷಿತಾ ಕೂರಿಸಲಿ ಎಂದು ಕೇಂದ್ರದಲ್ಲಿ ಮಾತಾಯಿತು.

ರಕ್ಷಿತಾ ನೇರವಾಗಿ ನಮಿತಾಳ ಮನೆಗೆ ಬಂದು ಜಗಲಿಯಲ್ಲಿ ಕೂತಳು. ಬಹಳ ಹೊತ್ತು ತಮಾಷೆಯೇ ಬರಲಿಲ್ಲ ಅವಳಿಗೆ. ನಾನು ಇಳಿಯುತ್ತೇನೆ, ಆದರೆ ನೀನು ಹ್ಞೂಂ ಅಂದರೆ ಮಾತ್ರ ಎಂದಳು. ನಮಿತಾ ಒಳಗೆ ಹೋಗಿ ಚಹಾ ತಂದು ಕೊಟ್ಟಳು. ಒಳಮನೆಯ ಬಾಗಿಲಲ್ಲಿ ನಿಂತಿದ್ದ ವಿನಯಾ, ತನಗೆ ಕೇಳಿಸಲೇ ಇಲ್ಲ ಎಂಬಂತೆ ಬಟ್ಟೆ ಮಡಿಸುತ್ತಿದ್ದಳು.

ಇಂಚರ ಮರುದಿನ ಕೋಣೆಯಲ್ಲಿ ದೊಡ್ಡಮ್ಮನ ಉಸಿರಿನ ಗೆರೆಗಳನ್ನು ಮತ್ತೆ ಹರಡಿಕೊಂಡಳು. ವಯಸ್ಸಾದ ಎದೆಯ ಗೆರೆ ಹೇಗಿರಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಇಷ್ಟು ದಿನ ಶಾಂತವಾಗಿದೆ ಎಂದು ತಾನು ಮೆಚ್ಚಿದ್ದ ಗೆರೆ ಈಗ ಬೇರೆಯಾಗಿ ಕಂಡಿತು. ಉಳಿದವರದು ಅಲೆ; ಏರಿ ಇಳಿದು ಏರುತ್ತಿತ್ತು. ದೊಡ್ಡಮ್ಮನದು ಮೆಟ್ಟಿಲು. ಒಂದು ಸಲ ಎಳೆದುಕೊಂಡರೆ ಅಲ್ಲಿಯೇ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು ಮೆಟ್ಟಿಲು.

ಸಂಜೆ ಮನೆಗೆ ಬಂದಾಗ ದೊಡ್ಡಮ್ಮ ಅಡುಗೆಮನೆಯಲ್ಲಿ ತೆಂಗಿನಕಾಯಿಯ ಹಾಲು ಹಿಂಡುತ್ತಿದ್ದಳು. ಮೊದಲ ಹಾಲು ಒಂದು ಪಾತ್ರೆಗೆ, ಎರಡನೆಯದು ಇನ್ನೊಂದಕ್ಕೆ. ಮೂರನೆಯ ಸಲ ನೀರು ಹಾಕಿ, ಬಟ್ಟೆಯನ್ನು ತಿರುಚಿ, ಕತ್ತಿನ ನರ ಉಬ್ಬುವ ಹಾಗೆ ಹಿಂಡಿದಳು. ಕೊನೆಯ ಹನಿ ಬೀಳುವವರೆಗೆ ಅವಳು ಉಸಿರೇ ಬಿಡಲಿಲ್ಲ.

ಇಂಚರ ಅಡುಗೆಮನೆಯ ಹೊಸಿಲಲ್ಲಿ ಕೂತು ಕೇಳಿದಳು. "ದೊಡ್ಡಮ್ಮ, ನೀರಿನಡಿಯಗೆ ನೀನ್ ಉಸಿರು ಹಿಡ್ಕಂತ್ಯಾ?"

"ಹಿಡಿಯದೆ ಮತ್ತೆ? ಬುಸುಬುಸು ಬಿಟ್ರೆ ಉಳಿತಿತ್ತಾ? ಆ ನಂಬ್ರ ಕಾಣ್ತಿದ್ರೆ ನಂಗೆ ಉಸಿರ್ ಎಳೂಕೇ ಮನಸ್ ಬತ್ತಿಲ್ಲೆ ಹೆಣ್ಣೇ."

ಅವಳ ಮುಖದಲ್ಲಿ ಅಪರಾಧದ ಸುಳಿವೂ ಇರಲಿಲ್ಲ. ಕಷ್ಟಪಟ್ಟು ಕಲಿತ ಒಂದು ಜಾಣತನವನ್ನು ಕೊನೆಗೂ ಯಾರೋ ಗುರುತಿಸಿದರಲ್ಲ ಎಂಬ ಸಂತೋಷವಿತ್ತು. ಮೊದಮೊದಲು ಒಂದು ಉಸಿರಿಗೆ ಹತ್ತು ಎಣಿಸುತ್ತಿದ್ದಳಂತೆ. ಈಗ ಅದರ ಎರಡು ಪಟ್ಟು ಎಣಿಸಬಲ್ಲಳಂತೆ. ರಕ್ಷಿತಾ ಎಷ್ಟು ತಿಪ್ಪರಲಾಗ ಹಾಕಿದರೂ ಅಷ್ಟು ಆಗುವುದಿಲ್ಲವಂತೆ.

ಇಂಚರ ಅವಳನ್ನು ಕೈಹಿಡಿದು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರ್ ನುಹಾ ಗೆರೆಯನ್ನು ನೋಡಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ವಯಸ್ಸು ಎಂದು ಹೇಳಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ನಾವು ಉಸಿರಾಡುವುದು ಗಾಳಿ ಒಳಗೆ ತೆಗೆದುಕೊಳ್ಳಲು ಮಾತ್ರವಲ್ಲ, ಒಳಗಿನ ಹೊಲಸು ಗಾಳಿಯನ್ನು ಹೊರಗೆ ಹಾಕಲು ಕೂಡ. ಹಿಡಿದಿಟ್ಟರೆ ಆ ಹೊಲಸು ರಕ್ತದಲ್ಲೇ ನಿಂತು ತಲೆಗೇರುತ್ತದೆ. ಉಸಿರು ಹಿಡಿದುಕೊಂಡೇ ಮೇಲೇರಿದರಂತೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು.

"ನೀವು ಸಿಲಿಂಡರಿನಲ್ಲಿ ಗಾಳಿ ಉಳಿಸಿದ್ದೀರಿ ನಮಿತಕ್ಕ. ಮೈಯಲ್ಲಿ ವಿಷ ಉಳಿಸಿದ್ದೀರಿ," ಎಂದರು.

ನಮಿತಾ ತನ್ನ ಅಂಗೈ ನೋಡಿಕೊಂಡಳು.

"ಹಾಂಗಾರೆ ಉಳ್ಸೂದ್ ತಪ್ಪಾ?"

ಮೂರನೆಯ ಹಾಲಿನ ಸಾರು ಉಂಡು ಬೆಳೆದ ಇಂಚರ ಆ ಮಾತಿಗೆ ಹೌದು ಎನ್ನುವುದು ಹೇಗೆ? ಉಳಿದದ್ದೆಲ್ಲ ಉಳಿಸು ದೊಡ್ಡಮ್ಮ, ಉಸಿರೊಂದನ್ನು ದುಂದು ಮಾಡು ಎಂದಳು.

ಡಾಕ್ಟರ್ ಒಂದು ಷರತ್ತು ಹಾಕಿದರು. ಹೊಳೆಯ ಆಳವಿಲ್ಲದ ಜಾಗದಲ್ಲಿ ಇಳಿಯಲಿ, ಗೆರೆ ಅಲೆಯಂತೆ ಬಂದರೆ ಕಡಲಿಗೆ ಬಿಡುತ್ತೇನೆ. ಬಾರದಿದ್ದರೆ ಇಲ್ಲ.

ನಮಿತಾ ಮೊದಲ ಸಲ ಇಳಿದಾಗ ಮಣಿಕಟ್ಟಿನಲ್ಲಿ ಅಂಕಿಯ ಮಾಪಕವೇ ಇತ್ತು. ಶುರುವಿನಲ್ಲಿ ಚೆಂದದ ಅಲೆ. ಇಂಚರ ಹಿಗ್ಗಿದಳು. ಅಷ್ಟರಲ್ಲಿ ಪರದೆಯ ಮೇಲಿನ ಗೆರೆ ಸಣ್ಣಗೆ ತಡವರಿಸಿ, ಮಟ್ಟಸವಾಗಿ, ಮೆಟ್ಟಿಲಾಯಿತು. ಮೇಲೆ ಬಂದ ನಮಿತಾಳ ಕಣ್ಣು ಕೆಂಪಾಗಿತ್ತು. ನನ್ನ ತಪ್ಪಲ್ಲ, ಆ ನಂಬರು ಒಂದೊಂದೇ ಇಳಿಯುವುದನ್ನು ನೋಡುವಾಗ ಯಾರೋ ನನ್ನ ಡಬ್ಬಿಗೆ ಕೈಹಾಕಿದ ಹಾಗಾಗುತ್ತದೆ, ಎದೆ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದಳು.

ಇಂಚರ ಕೋಣೆಗೆ ಹೋಗಿ ಎರಡೂ ಮಾಪಕಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಳು. ಒತ್ತಡದ ಕೊನೆಯ ಒಂದು ಬಾರ್‌ವರೆಗೂ ಕರಾರುವಾಕ್ಕಾಗಿ ಹೇಳುತ್ತದೆ ಎಂಬುದೇ ಅಂಕಿಯ ಹೆಚ್ಚುಗಾರಿಕೆ ಎಂದು ಅವಳು ಇಷ್ಟು ದಿನ ನಂಬಿದ್ದಳು. ಮುಳ್ಳು ಹಾಗಲ್ಲ. ಒಂದು ಉಸಿರಿಗೆ ಅದು ಅಲುಗುವುದೂ ಇಲ್ಲ. ಹತ್ತಾರು ಉಸಿರಾದ ಮೇಲೆ, ಓಹೋ, ಸ್ವಲ್ಪ ಸರಿದಿದ್ದೇನಲ್ಲ ಎಂಬಂತೆ ತೂಕಡಿಸುತ್ತ ಸರಿಯುತ್ತದೆ. ಅದರ ಎದುರು ಒಂದು ಗುಟುಕು ಉಳಿಸಿದರೂ ಅದು ಗಮನಿಸದು, ಶಹಬ್ಬಾಸ್ ಅನ್ನದು. ಹೀಗೆ ಶಹಬ್ಬಾಸ್ ಹೇಳದ ಯಂತ್ರವೇ ದೊಡ್ಡಮ್ಮನಿಗೆ ಬೇಕಾದದ್ದು. ಆದರೆ ಮೆಟ್ಟಿಲನ್ನು ಹಿಡಿದುಕೊಟ್ಟದ್ದು ಅಂಕಿಯೇ. ಅದು ಇಲ್ಲದೇ ಹೋಗಿದ್ದರೆ ದೊಡ್ಡಮ್ಮ ವಯಸ್ಸಾಯಿತೆಂದು ಜಗಲಿಯಲ್ಲಿ ಕೂತಿರುತ್ತಿದ್ದಳು.

ಸಿಲಿಂಡರಿನ ಬಾಯಿಗೆ ಕೂರುವ ಹಿತ್ತಾಳೆಯ ತಲೆಯಲ್ಲಿ ಎರಡು ಕಿಂಡಿಗಳಿದ್ದವು. ಮಾಪಕ ಒಂದಕ್ಕೆ, ಇನ್ನೊಂದಕ್ಕೆ ಬಿರಡೆ. ಇಂಚರ ಬಿರಡೆ ಬಿಚ್ಚಿದಳು. ಒಂದು ಕಡೆ ಮುಳ್ಳು, ಅದು ದೊಡ್ಡಮ್ಮನ ಕಣ್ಣಿಗೆ. ಇನ್ನೊಂದು ಕಡೆ ಸೆನ್ಸರ್, ಅದು ತನ್ನ ಕೋಣೆಗೆ. ಮಣಿಕಟ್ಟಿನ ಪರದೆಯನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದಳು. ಕಿಟಕಿಯತ್ತ ತಿರುಗಿದ್ದ ದೊಡ್ಡ ಪರದೆಯನ್ನೂ ಗೋಡೆಯ ಕಡೆಗೆ ತಿರುಗಿಸಿದಳು. ರಕ್ಷಿತಾ ಬಂದು ಗೊಣಗಿದಳು. ತನಗೆ ನಂಬರು ನೋಡದೆ ಸಮಾಧಾನವಿಲ್ಲ, ತನ್ನ ಕೈಯದನ್ನು ಮಾತ್ರ ಬಿಡುವುದಿಲ್ಲ ಎಂದು ಹಟ ಹಿಡಿದಳು. ಅವಳ ಗೆರೆ ಮೊದಲಿನಿಂದಲೂ ಗೂಳಿಯ ಹಾಗೆ ಏರಿಳಿಯುತ್ತಿದ್ದುದರಿಂದ ಇಂಚರ ಬೇಡವೆನ್ನಲಿಲ್ಲ.

ಎರಡನೆಯ ಸಲ ಹೊಳೆಯಲ್ಲಿ ಇಳಿದಾಗ ನಮಿತಾ ಆರಂಭದಲ್ಲಿ ನಾಲ್ಕಾರು ಸಲ ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದು ಏನೂ ಹೇಳಲಿಲ್ಲ. ಬೇಜಾರಾಗಿ ಬಿಟ್ಟುಬಿಟ್ಟಳು. ಅಲ್ಲಿಂದ ಮುಂದೆ ಕೋಣೆಯ ಪರದೆಯಲ್ಲಿ ಅಲೆಯ ಮೇಲೆ ಅಲೆ ಬಂತು. ನೀರಿನಿಂದೆದ್ದವಳು, ತಲೆನೋವು ಎಲ್ಲಿ ಹೋಯಿತು ಎಂದು ಸುತ್ತ ಹುಡುಕಿದಳಂತೆ.

ಕಡಲು ಮುಚ್ಚಲು ಇನ್ನು ಹೆಚ್ಚು ಸಮಯವಿರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು, ನೀರಿನ ಬಣ್ಣ ಕೆಸರಿಗೆ ತಿರುಗುತ್ತಿತ್ತು. ಒಂದು ತಿಳಿಯಾದ ಬೆಳಗ್ಗೆ ದೋಣಿ ಹೊರಟಿತು. ವಿನಯಾ ಹಟ ಮಾಡಿ ದೋಣಿ ಹತ್ತಿದ್ದಳು. ಇಳಿಯಲು ಆಗದಿದ್ದರೇನು, ನನ್ನ ಕಲ್ಲಿನ ಹಗ್ಗ ನಾನೇ ಬಿಡುತ್ತೇನೆ ಎಂದಿದ್ದಳು. ರಕ್ಷಿತಾ ಜೊತೆಗಾತಿಯಾಗಿ ನೀರಿಗಿಳಿಯುವವಳು. ಇಂಚರ ಕೋಣೆಯಲ್ಲಿ ಪರದೆಯ ಮುಂದೆ. ನೀರಿನಡಿಗೆ ಮಾತು ಕಳಿಸುವ ಸ್ಪೀಕರಿನ ಗುಂಡಿ ಅವಳ ಎಡಗೈಯ ಬಳಿ ಇತ್ತು. ಕೆಳಗಿನವರು ಮಾತ್ರ ಉತ್ತರ ಕೊಡುವಂತಿರಲಿಲ್ಲ, ಉಸಿರಿನ ಗೆರೆಯೇ ಅವರ ಉತ್ತರ.

ಕಲ್ಲು ಕೆಳಗಿಳಿಯಿತು. ಕೆಸರಿನಲ್ಲಿ ಕಣ್ಣಿಗೆ ಮೊಳದಾಚೆ ಏನೂ ಕಾಣದು. ಇಬ್ಬರೂ ಎರಡು ಕಡೆಯಿಂದ ಹಿಡಿದು ಕಿಂಡಿಗೆ ಒಯ್ದರು. ಆದರೆ ಅಡಿಯಲ್ಲೊಂದು ಸೆಳೆತ ಎದ್ದಿತ್ತು. ಸರಿಹೊಂದಿತು ಎನ್ನುವಾಗ ಕಲ್ಲು ತಿರುಗಿಬಿಡುತ್ತಿತ್ತು. ಮತ್ತೆ ಹಿಡಿದು, ಮತ್ತೆ ದೂಡಿ, ಮತ್ತೆ. ಕೋಣೆಯಲ್ಲಿ ನಮಿತಾಳ ಗೆರೆ ಎತ್ತರೆತ್ತರಕ್ಕೆ ಏರಿತು, ಅಂಕಿ ಭರಭರ ಇಳಿಯಿತು. ಇಷ್ಟು ದುಂದು ಮಾಡಿದ್ದನ್ನು ಇಂಚರ ಎಂದೂ ನೋಡಿರಲಿಲ್ಲ. ಸಂತೋಷ ಪಡಬೇಕೋ ಹೆದರಬೇಕೋ ತಿಳಿಯದೆ ಅವಳು ಕುರ್ಚಿಯಿಂದ ಎದ್ದು ನಿಂತಳು.

ಉಳಿದದ್ದು ಕಡಿಮೆಯಾಗುತ್ತ ಬಂತು. ಈಗ ಗುಂಡಿ ಒತ್ತಿ, ದೊಡ್ಡಮ್ಮ, ಇನ್ನಿಷ್ಟೇ ಇದೆ ಎಂದು ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಆ ಅಂಕಿ ಕಿವಿಗೆ ಬಿದ್ದ ಕೂಡಲೇ ದೊಡ್ಡಮ್ಮ ಉಸಿರನ್ನು ಗಂಟುಕಟ್ಟಿ, ಇದ್ದುದರಲ್ಲೇ ಮುಗಿಸಲು ನೋಡುತ್ತಾಳೆ. ಹೇಳದಿದ್ದರೆ, ಕೆಸರಿನಲ್ಲಿ ಮುಳ್ಳು ನೋಡುವುದನ್ನೇ ಮರೆತರೆ? ಕೆಂಪು ಗೆರೆ ಮುಟ್ಟಿದರೆ ನಾನೇ ಕೂಗುತ್ತೇನೆ, ಅದಕ್ಕೆ ಮೊದಲು ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿದಳು. ಬೆರಳು ಗುಂಡಿಯ ಮೇಲೆಯೇ ಇತ್ತು.

ಅಷ್ಟರಲ್ಲಿ ಗೆರೆ ಚಪ್ಪಟೆಯಾಯಿತು.

ಒಂದು ಮೆಟ್ಟಿಲು. ಅದೇ ಹಳೆಯ ಮೆಟ್ಟಿಲು. ಕಲ್ಲು ಇನ್ನೇನು ಕೂತಿತು ಎನ್ನುವ ಹಂತದಲ್ಲಿ ನಮಿತಾಳ ಎದೆ ಹಳೆಯ ಚಾಳಿಗೆ ಬಿದ್ದಿತ್ತು. ಒಂದು ಬಾರಿ ಹಿಡಿದರೆ ಕೆಲಸ ಮುಗಿಯುತ್ತದಲ್ಲ, ಒಂದೇ ಸಲ. ಇಂಚರ ಗುಂಡಿ ಒತ್ತಿದಳು. ಅಂಕಿ ಹೇಳಲಿಲ್ಲ. ಬೈಯಲೂ ಇಲ್ಲ.

"ದೊಡ್ಡಮ್ಮ, ಬಿಡ್. ಗಾಳಿ ಬೇಕಾದಷ್ಟ್ ಇತ್ತ್ ನಮ್ಮ ಹತ್ರ."

ಪರದೆ ಸುಮ್ಮನಿತ್ತು. ಆಮೇಲೆ ಒಂದು ದೊಡ್ಡ ಇಳಿತ, ಅದರ ಹಿಂದೆಯೇ ಒಂದು ಏರು. ಅಲೆ ಮತ್ತೆ ಶುರುವಾಯಿತು. ಆ ಅಲೆ ತಪ್ಪದೆ ದೊಡ್ಡಮ್ಮ ನಿಧಾನವಾಗಿ ಮೇಲೆ ಬರತೊಡಗಿದಳು. ಮುಳ್ಳು ಕೆಂಪು ಗೆರೆಗೆ ಬಂದಿತ್ತು, ನಮಿತಾ ಅದನ್ನು ನೋಡಿದ್ದಳು, ಕಲ್ಲನ್ನು ಹಗ್ಗದಲ್ಲೇ ತೂಗಬಿಟ್ಟು ರಕ್ಷಿತಾಳ ಕೈ ಹಿಡಿದು ಹೊರಟಿದ್ದಳು. ಮೇಲೇರುತ್ತ ಉದ್ದಕ್ಕೂ ಗುಳುಗುಳು ಗುಳ್ಳೆ ಬಿಟ್ಟಳೆಂದು ರಕ್ಷಿತಾ ಆಮೇಲೆ ಅಭಿನಯಿಸಿ ತೋರಿಸಿದಳು.

ದೋಣಿಯ ಅಂಚು ಹಿಡಿದು ಬಾಯಿಯಿಂದ ನಳಿಗೆ ತೆಗೆದವಳಿಗೆ ಮಾತಾಡಲು ಕಷ್ಟವಾಯಿತು. ಆಯಾಸಕ್ಕಲ್ಲ. ಊಟಕ್ಕೆ ಕೂತಲ್ಲಿ ಎರಡನೆಯ ಸಲ ಬಡಿಸಿ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ತನ್ನ ಮನೆಯಲ್ಲೂ ಕೇಳಿದವಳಲ್ಲ. ಇಷ್ಟು ವರ್ಷಗಳಲ್ಲಿ ಒಂದು ಇಳಿತಕ್ಕೆ ಒಂದೇ ಸಿಲಿಂಡರ್, ಅದರಲ್ಲೂ ಅರ್ಧ ವಾಪಸು. ವಿನಯಾ ಬಾಗಿ, ಕೇಳುವ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದಳು.

"ಇನ್ನೊಂದ್ ಕೊಡ್ತ್ಯಾ?" ಎಂದಳು ನಮಿತಾ.

ರಕ್ಷಿತಾ ನೀರಿನಲ್ಲಿ ತೇಲುತ್ತ, ಇವತ್ತು ಕಡಲಿಗೇ ಹಬ್ಬ, ನಮಿತಕ್ಕ ಎರಡನೇ ಬಡಿಸಿಕೊಂಡಳು ಎಂದು ಸಾರಿದಳು. ಯಾರೂ ಜೋರಾಗಿ ನಗಲಿಲ್ಲ. ವಿನಯಾ ತುಂಬಿದ ಸಿಲಿಂಡರನ್ನು ತಾನೇ ಎತ್ತಿ ಅಕ್ಕನ ಬೆನ್ನಿಗೆ ಕಟ್ಟಿದಳು. ಪಟ್ಟಿ ಬಿಗಿದು, ಮುಳ್ಳಿನ ಮಾಪಕವನ್ನು ಅವಳ ಅಂಗೈಗೆ ಕೊಟ್ಟು ಬೆರಳು ಮಡಿಸಿದಳು. ರಕ್ಷಿತಾಳಿಗೂ ಹೊಸದು ಬಂತು. ಸ್ವಲ್ಪ ಹೊತ್ತು ವಿಶ್ರಾಂತಿ ಮಾಡಿ, ಸೆಳೆತ ತಗ್ಗುವುದನ್ನು ಕಾದು, ಇಬ್ಬರೂ ಮತ್ತೆ ಇಳಿದರು.

ಕೋಣೆಯಲ್ಲಿ ಇಂಚರ ಕೂತಳು. ಕೇಂದ್ರಕ್ಕೆ ಏನು ಬರೆಯಬೇಕೆಂದು ಈಗ ಅವಳಿಗೆ ಸ್ಪಷ್ಟವಿತ್ತು. ಒಂದನ್ನೇ ಆರಿಸು ಎಂದವರಿಗೆ, ಕೈಗೊಂದು ಕೋಣೆಗೊಂದು, ಎರಡೂ ಬೇಕು, ಕಿಂಡಿಯೂ ಎರಡಿದೆ ಎಂದು ತಿಳಿಸುವುದು. ಒಪ್ಪದಿದ್ದರೆ ರಕ್ಷಿತಾಳನ್ನು ಕಳಿಸುವುದು. ಅವಳು ಹಾಗೆ ಯೋಚಿಸುತ್ತಿದ್ದಾಗ ಪರದೆಯ ಮೇಲೆ ದೊಡ್ಡಮ್ಮನ ಉಸಿರು ಅಗಲವಾಗಿ, ಅವಸರವಿಲ್ಲದೆ, ಯಾರ ಮುಲಾಜೂ ಇಲ್ಲದೆ ಹರಿಯುತ್ತಿತ್ತು.

ದೋಣಿಯಲ್ಲಿ ವಿನಯಾ ಎರಡೂ ಕೈಯಿಂದ ಹಗ್ಗ ಹಿಡಿದು ನಿಂತಿದ್ದಳು. ಕೆಳಗೆ ಏನಾಗುತ್ತಿದೆ ಎಂದು ಅವಳಿಗೆ ಕಾಣದು, ಕೇಳುವುದೂ ಅಷ್ಟಕ್ಕಷ್ಟೇ. ಅಂಗೈಯಲ್ಲಿ ಕಲ್ಲಿನ ಭಾರವಷ್ಟೇ ಇತ್ತು. ಅದು ಒಮ್ಮೆ ಎಡಕ್ಕೆ ತೂಗಿತು, ಒಮ್ಮೆ ಬಲಕ್ಕೆ. ಒಂದು ಗೇಣು ಇಳಿಯಿತು. ಮತ್ತೆ ಬೆರಳಿನಷ್ಟು. ಆಮೇಲೆ, ಯಾರೋ ಕೆಳಗಿನಿಂದ ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಂತೆ, ಭಾರ ಹೋಯಿತು. ಹಗ್ಗ ಸಡಿಲವಾಗಿ ನೀರಿನ ಮೇಲೆ ಮಲಗಿತು.